ಗುಲಾಬಿ ಅಂಚು ಕಂಡು ಎಸೆದ ಬ್ರಿಸ್ಕೆಟ್

ಪ್ರಶ್ನೆ: ನಾವು ಕೆನಡಾದ ಮಿಸಿಸಾಗದಲ್ಲಿದ್ದೇವೆ, ಊರು ಮಂಗಳೂರು. ಮಾಂಟ್ರಿಯಲ್‌ಗೆ ಹೋದಾಗ ತಿಂದ ಸ್ಮೋಕ್ಡ್ ಮೀಟ್ (ಹದಮಾಡಿ ಹೊಗೆ ಹಾಕಿದ ದನದ ಮಾಂಸ) ಸ್ಯಾಂಡ್‌ವಿಚ್ಚನ್ನು ನನ್ನ ಗಂಡ ಇನ್ನೂ ಮರೆತಿಲ್ಲ. ಅವರ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಮಾಡೋಣವೆಂದು ಎರಡು ಕಿಲೋ ಬ್ರಿಸ್ಕೆಟ್ (ಎದೆಭಾಗದ ಮಾಂಸ) ತಂದೆ. ನೋಡಿಕೊಂಡ ಪಾಕವಿಧಾನದಲ್ಲಿ ‘ಪಿಂಕ್ ಸಾಲ್ಟ್’ ಎಂದಿತ್ತು. ಮನೆಯಲ್ಲಿದ್ದ ಹಿಮಾಲಯದ ಗುಲಾಬಿ ಉಪ್ಪನ್ನೇ 50 ಗ್ರಾಂ ಹಚ್ಚಿ, ಏಳು ದಿನ ಫ್ರಿಜ್‌ನಲ್ಲಿಟ್ಟು, ಹಿತ್ತಲಿನ ಇದ್ದಿಲಿನ ಗ್ರಿಲ್‌ನಲ್ಲಿ ಹೊಗೆ ಹಾಕಿದೆ. ನಾಲ್ಕು ಗಂಟೆಯಲ್ಲಿ ಥರ್ಮಾಮೀಟರ್ 68 ಡಿಗ್ರಿ ತೋರಿಸಿತು. ಆಮೇಲೆ ಮೂರು ಗಂಟೆ ಕಳೆದರೂ ಮುಳ್ಳು ಅಲ್ಲಾಡಲಿಲ್ಲ. ಥರ್ಮಾಮೀಟರ್ ಕೆಟ್ಟಿದೆ ಎಂದುಕೊಂಡೆ, ನೆಂಟರೂ ಬಂದಿದ್ದರು, ತೆಗೆದುಬಿಟ್ಟೆ. ಅಗಿದರೆ ರಬ್ಬರು. ಸುತ್ತ ಅಂಚಿನಲ್ಲಿ ಗುಲಾಬಿ ಬಣ್ಣ, ನಡುವೆ ಬೂದುಗಂದು. ಉಳಿದದ್ದನ್ನು ಫಾಯಿಲ್ ಸುತ್ತಿ ಆರಿಸಿದ ಓವನ್ನಿನಲ್ಲೇ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ವಿಡಿಯೋ ಕರೆಯಲ್ಲಿ ನೋಡಿದ ಅತ್ತೆ, ‘ಕೆಂಪು ಹಾಗೇ ಇದೆ, ಬೆಂದೇ ಇಲ್ಲ, ಬಿಸಾಡು’ ಎಂದರು. ಬಿಸಾಡಿದೆ. ನಾನು ಮಾಡಿದ್ದು ಸರಿಯೇ? ಆ ಪಿಂಕ್ ಸಾಲ್ಟ್ ವಿಷ, ಕ್ಯಾನ್ಸರ್ ತರುತ್ತದೆ ಎಂದು ಗೆಳತಿ ಹೇಳುತ್ತಾಳೆ. ಮನೆಯಲ್ಲಿ ಆರು ವರ್ಷದ ಮಗನಿದ್ದಾನೆ. ಇನ್ನೊಮ್ಮೆ ಮಾಡಲು ಧೈರ್ಯ ಬರುತ್ತಿಲ್ಲ.

ಉತ್ತರ: ಬಿಸಾಡಿದ್ದು ಸರಿ. ಆದರೆ ನೀವು ಬಿಸಾಡಿದ ಕಾರಣ ತಪ್ಪು. ಎರಡು ಕಿಲೋ ಬ್ರಿಸ್ಕೆಟ್ಟಿನ ಬೆಲೆ ನನಗೂ ಗೊತ್ತು. ಹಾಗಾಗಿ ಕಾರಣವನ್ನು ಸರಿಯಾಗಿ ತಿಳಿದುಕೊಂಡರೆ ಮುಂದಿನ ಸಲವಾದರೂ ದುಡ್ಡು ಉಳಿದೀತು.

ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಬೇಯದ ಮಾಂಸ ಕೆಂಪಾಗಿ ಉಳಿಯುವುದು ನಡುವೆ, ಅಂಚಿನಲ್ಲಲ್ಲ. ಶಾಖ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಮೊದಲು ಬೇಯುವುದೇ ಅಂಚು. ನಿಮ್ಮ ತುಂಡಿನಲ್ಲಿ ನಡುಭಾಗ ಬೂದುಗಂದಾಗಿದೆ, ಥರ್ಮಾಮೀಟರೂ 68 ತೋರಿಸಿದೆ, ಅಂದರೆ ಪೂರ್ತಿ ಬೆಂದಿದೆ. ಅಂಚಿನ ಗುಲಾಬಿ ಬಣ್ಣ ಹೊಗೆಯ ಕೆಲಸ. ಕಟ್ಟಿಗೆ, ಇದ್ದಿಲು ಉರಿಯುವಾಗ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಅನಿಲಗಳು ಹುಟ್ಟುತ್ತವೆ. ಇವು ಹಸಿ ಮಾಂಸದ ಒದ್ದೆ ಮೈಯೊಳಗೆ ಇಳಿದು, ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಆ ಬಣ್ಣ ಹೋಗುವುದಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಬ್ರಿಸ್ಕೆಟ್ ಕೊಯ್ದಾಗ ಈ ಉಂಗುರ ಕಾಣದಿದ್ದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ನಮ್ಮಲ್ಲಿ ಅದು ಕಂಡರೆ ಗಾಬರಿ.

ಅದೇ ಉಂಗುರದಿಂದ ನನಗೆ ಇನ್ನೊಂದು ಸಂಗತಿಯೂ ತಿಳಿಯಿತು. ಪಾಕವಿಧಾನ ಹೇಳಿದ ಉಪ್ಪು ನಿಮ್ಮ ಮಾಂಸಕ್ಕೆ ಬಿದ್ದೇ ಇಲ್ಲ. ಬಿದ್ದಿದ್ದರೆ ಅಂಚಿನಿಂದ ನಡುವಿನ ತನಕ ಒಂದೇ ಸಮನೆ ಗುಲಾಬಿಯಾಗಿರುತ್ತಿತ್ತು. ಮಾಂಟ್ರಿಯಲ್‌ನಲ್ಲಿ ತಟ್ಟೆಗೆ ಬಂದದ್ದನ್ನು ನೆನಪಿಸಿಕೊಳ್ಳಿ.

ಹಿಮಾಲಯದ ಗುಲಾಬಿ ಉಪ್ಪು ಎಂದರೆ ನಮ್ಮ ಇಂದುಪ್ಪು, ಸೈಂಧವ ಲವಣ. ಗಣಿಯಿಂದ ತೆಗೆದ ಅಡುಗೆ ಉಪ್ಪು, ಅದರಲ್ಲಿರುವ ಸ್ವಲ್ಪ ಕಬ್ಬಿಣದಿಂದ ಆ ಬಣ್ಣ, ಅಷ್ಟೇ. ಮಾಂಸವನ್ನು ಉಪ್ಪು ಹಚ್ಚಿಟ್ಟು ಹದ ಮಾಡುವವರು ‘ಪಿಂಕ್ ಸಾಲ್ಟ್’ ಎನ್ನುವುದು ಬೇರೆಯೇ ವಸ್ತು. ‘ಕ್ಯೂರಿಂಗ್ ಸಾಲ್ಟ್ ನಂಬರ್ 1’ ಎಂದೋ ‘ಪ್ರಾಗ್ ಪೌಡರ್’ ಎಂದೋ ಅದರ ಪೊಟ್ಟಣದ ಮೇಲೆ ಬರೆದಿರುತ್ತದೆ. ಅದರಲ್ಲಿ ಶೇ 93.75 ಸಾದಾ ಉಪ್ಪು, ಶೇ 6.25 ಸೋಡಿಯಂ ನೈಟ್ರೈಟ್. ಉಪ್ಪು, ನೈಟ್ರೈಟ್ ಎರಡೂ ನೋಡಲು ಬಿಳಿ ಹರಳೇ. ಯಾರೂ ಅದನ್ನು ಸಾರಿಗೆ ಹಾಕಿಬಿಡಬಾರದೆಂದು ಬೇಕೆಂದೇ ಗುಲಾಬಿ ಬಣ್ಣ ಬೆರೆಸುತ್ತಾರೆ. ಎಚ್ಚರಿಕೆಗೆಂದು ಹಾಕಿದ ಬಣ್ಣವೇ ಈಗ ಇಂದುಪ್ಪಿನೊಂದಿಗೆ ಗೊಂದಲ ತರುತ್ತಿದೆ.

ನಿಮ್ಮ ತಪ್ಪು ನಿರಪಾಯದ ದಿಕ್ಕಿನಲ್ಲಿ ನಡೆದಿದೆ. ಅದೇ ತಪ್ಪು ತಿರುಗುಮುರುಗಾಗಿ ನಡೆದಿದ್ದರೆ ಏನಾಗುತ್ತಿತ್ತು ನೋಡಿ. ಎರಡು ಕಿಲೋ ಮಾಂಸಕ್ಕೆ ಕ್ಯೂರಿಂಗ್ ಸಾಲ್ಟ್ ಬೇಕಾಗುವುದು 5 ಗ್ರಾಂ, ಅಂದರೆ ಕಿಲೋಗೆ ಎರಡೂವರೆ ಗ್ರಾಂ. ಅದರಲ್ಲಿರುವ ನೈಟ್ರೈಟ್ 0.31 ಗ್ರಾಂ. ಇಂದುಪ್ಪಿನಂತೆ 50 ಗ್ರಾಂ ಸುರಿದಿದ್ದರೆ ಹತ್ತು ಪಟ್ಟಾಗುತ್ತಿತ್ತು. ನೈಟ್ರೈಟ್ ಅತಿಯಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ, ಪ್ರಾಣವೂ ಹೋಗಬಹುದು. ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಅದು ಅಡುಗೆಮನೆಯ ಉಪ್ಪಿನ ಡಬ್ಬಿಗಳ ಸಾಲಿನಲ್ಲಿ ಇರಕೂಡದು. ನನ್ನ ಮನೆಯಲ್ಲಿ ಔಷಧಿಗಳ ಜೊತೆ ಮೇಲಿನ ಕಪಾಟಿನಲ್ಲಿದೆ, ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಮುಟ್ಟಬೇಡಿ’ ಎಂದು ಬರೆದಿದ್ದೇನೆ. ಚಮಚದ ಲೆಕ್ಕವೂ ಬೇಡ, 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಅಂಗಡಿಯಲ್ಲಿ ‘ನಂಬರ್ 2’ ಕೊಟ್ಟರೆ ಹಿಂದಿರುಗಿಸಿ. ಅದರಲ್ಲಿ ನೈಟ್ರೇಟೂ ಇರುತ್ತದೆ. ಬೇಯಿಸದೆ ತಿಂಗಳುಗಟ್ಟಲೆ ಒಣಗಿಸುವ ಸಾಸೇಜಿಗೆ ಅದು, ನಮ್ಮ ಕೆಲಸಕ್ಕಲ್ಲ. ಹಿಂದಿನ ಕಾಲದವರು ಇದೇ ಕೆಲಸಕ್ಕೆ ಪೆಟ್ಲುಪ್ಪು ಬಳಸುತ್ತಿದ್ದರು. ಅಳತೆ ಅವರ ಕೈಯಂದಾಜು. ಆ ಪದ್ಧತಿ ಹೋಯಿತಲ್ಲ ಎಂಬ ಬೇಸರ ನನಗಿಲ್ಲ.

ಇಷ್ಟು ಅಪಾಯದ ವಸ್ತು ಯಾಕೆ ಬೇಕು? ಮುಖ್ಯವಾಗಿ, ಮಾಂಸದಲ್ಲಿ ಬಾಟ್ಯುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯವನ್ನು ಅದು ಬೆಳೆಯಲು ಬಿಡುವುದಿಲ್ಲ. ಬಣ್ಣ, ಮತ್ತು ಹ್ಯಾಮ್, ಪಾಸ್ತ್ರಾಮಿಯಂಥ ಹದಮಾಡಿದ ಮಾಂಸಗಳಲ್ಲಿರುವ ಆ ವಿಶಿಷ್ಟ ರುಚಿ ಅದರ ಜೊತೆಗೆ ಬಂದ ಲಾಭ. ಹಬ್ಬದ ದಿನ ಮಾಡಿ ಆವತ್ತೇ ತಿಂದು ಮುಗಿಸುವ ಮನೆಯಲ್ಲಿ, ಮಾಂಸವನ್ನು ಫ್ರಿಜ್‌ನಲ್ಲಿಟ್ಟು 90 ಡಿಗ್ರಿ ದಾಟಿಸಿ ಬೇಯಿಸುವುದಾದರೆ, ನೈಟ್ರೈಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಅದು ಮಾಂಟ್ರಿಯಲ್‌ನ ರುಚಿ ಆಗುವುದಿಲ್ಲ.

ಇನ್ನು ಗೆಳತಿಯ ಮಾತು. ಅದನ್ನು ಪುಕಾರೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಹದಮಾಡಿದ, ಹೊಗೆ ಹಾಕಿದ ಮಾಂಸವನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಮಿನಂತೆ ದಿನವೂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇ 18 ಹೆಚ್ಚುತ್ತದೆ ಎಂದಿತು. ನೂರರಲ್ಲಿ 18 ಮಂದಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ. ಆ ಮನುಷ್ಯನಿಗೆ ಮೊದಲೇ ಎಷ್ಟು ಸಾಧ್ಯತೆಯಿತ್ತೋ ಅದರ ಮೇಲೆ ಐದನೇ ಒಂದರಷ್ಟು ಕೂಡಿತು ಎಂದು. ಒಂದು ದಪ್ಪ ಸ್ಯಾಂಡ್‌ವಿಚ್‌ನಲ್ಲಿ 150 ಗ್ರಾಂ ಮಾಂಸವಿರುತ್ತದೆ, ಅಂದರೆ ಮೂರು ದಿನದ ಲೆಕ್ಕ ಒಂದೇ ಊಟಕ್ಕೆ. ವರ್ಷಕ್ಕೆ ನಾಲ್ಕು ಸಲ ತಿನ್ನುವವರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ದಿನಾ ಬೆಳಗ್ಗೆ ಮಗುವಿನ ಶಾಲೆಯ ಡಬ್ಬಿಗೆ ಹ್ಯಾಮ್ ಹಾಕುವ ಮನೆಯ ಬಗ್ಗೆ ಕೆಡಿಸಿಕೊಳ್ಳುತ್ತೇನೆ. ನಿಮ್ಮ ಮಗ ಆವತ್ತು ಎರಡು ಹೋಳು ತಿನ್ನಲಿ, ಅಡ್ಡಿಯಿಲ್ಲ. ಹಸುಗೂಸುಗಳಿಗೆ ಬೇಡ. ಬಸುರಿಯರು ತಿನ್ನುವುದಾದರೆ, ಫ್ರಿಜ್‌ನಿಂದ ತೆಗೆದ ತಣ್ಣನೆಯ ಹೋಳನ್ನು ಹಾಗೇ ತಿನ್ನದೆ ಹಬೆಯಾಡುವಷ್ಟು, ಅಂದರೆ ಒಳಗೆ 74 ಡಿಗ್ರಿ ಬರುವಷ್ಟು ಬಿಸಿ ಮಾಡಿ ತಿನ್ನಬೇಕು. ಇದಕ್ಕೆ ಕಾರಣ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯ, ಅದಕ್ಕೆ ಫ್ರಿಜ್‌ನ ಚಳಿ ಲೆಕ್ಕಕ್ಕಿಲ್ಲ.

‘ನೈಟ್ರೈಟ್ ಸೇರಿಸಿಲ್ಲ, ಸೆಲರಿ ಪುಡಿಯಿಂದ ಹದಮಾಡಿದ್ದು’ ಎಂಬ ಪೊಟ್ಟಣಗಳೂ ನಿಮ್ಮಲ್ಲಿ ಸಿಗುತ್ತವೆ. ಸೆಲರಿಯಲ್ಲಿರುವ ನೈಟ್ರೇಟೇ ನೈಟ್ರೈಟ್ ಆಗಿ ಅಲ್ಲಿ ಕೆಲಸ ಮಾಡುವುದು. ಮಾಂಸಕ್ಕೆ ಎರಡೂ ಒಂದೇ. ಹೆಚ್ಚು ದುಡ್ಡು ಕೊಡಬೇಡಿ.

ಈಗ ಬಿಸಾಡಬೇಕಾಗಿದ್ದ ನಿಜವಾದ ಕಾರಣ: ಆ ರಾತ್ರಿ. ನಿಮ್ಮ ಕಾಗದದಲ್ಲಿ ನನಗೆ ಎದೆ ಝಲ್ಲೆಂದದ್ದು ಆ ಸಾಲಿಗೆ. ಬೇಯಿಸಿದರೆ ಬ್ಯಾಕ್ಟೀರಿಯಗಳು ಸಾಯುತ್ತವೆ, ಆದರೆ ಕೆಲವು ಜಾತಿಯವು ಬೀಜದಂಥ ರೂಪದಲ್ಲಿ ಬದುಕಿ ಉಳಿಯುತ್ತವೆ. ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್ ಎಂಬುದು ಅಂಥದ್ದು. ಫಾಯಿಲ್ ಸುತ್ತಿದ ದಪ್ಪ ಮಾಂಸ, ಮುಚ್ಚಿದ ಓವನ್, ನಿಧಾನವಾಗಿ ಇಳಿಯುವ ಉಗುರುಬೆಚ್ಚಗಿನ ಶಾಖ, ಒಳಗೆ ಗಾಳಿಯಿಲ್ಲ: ಅದಕ್ಕೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಸಿಗಲಾರದು. 45 ಡಿಗ್ರಿ ಆಸುಪಾಸಿನಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮದುವೆಮನೆಯ ದೊಡ್ಡ ಹಂಡೆಯ ಮಾಂಸದ ಸಾರು ಮರುದಿನ ಹೊಟ್ಟೆ ಕೆಡಿಸುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ವಾಸನೆಯಲ್ಲಿ ಗೊತ್ತಾಗುವುದಿಲ್ಲ. ಹೋಟೆಲ್ ಅಡುಗೆಮನೆಗಳಲ್ಲಿ ನಾವು ಪಾಲಿಸುವ ಲೆಕ್ಕ ಹೀಗಿದೆ: ಬೆಂದ ಮಾಂಸ 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ. ಮನೆಯಲ್ಲಾದರೆ ಎರಡು–ಮೂರು ತುಂಡು ಮಾಡಿ, ಅಗಲ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಹಬೆ ಹೋದೊಡನೆ ಫ್ರಿಜ್‌ಗೆ ತಳ್ಳಿ. ಬಿಸಿ ಪದಾರ್ಥ ಇಟ್ಟರೆ ಫ್ರಿಜ್ ಹಾಳಾಗುತ್ತದೆ ಎಂಬ ಭಯ ಹಳೆಯ ಕಾಲದ್ದು.

ರಬ್ಬರಾದದ್ದು ಯಾಕೆ? ಥರ್ಮಾಮೀಟರ್ ಕೆಟ್ಟಿರಲಿಲ್ಲ. ಇದು ಹೊಗೆ ಹಾಕುವವರೆಲ್ಲರಿಗೂ ಎದುರಾಗುವ ತಡೆ. ಮಾಂಸ 65ರಿಂದ 75 ಡಿಗ್ರಿಯ ನಡುವೆ ಬಂದಾಗ ಅದರ ಮೈಯಿಂದ ನೀರು ಆವಿಯಾಗುವ ವೇಗ ಹೆಚ್ಚಿ, ಬೆಂಕಿ ಕೊಟ್ಟ ಶಾಖವನ್ನೆಲ್ಲ ಆ ಆವಿಯೇ ಒಯ್ದುಬಿಡುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೇಗೋ ಹಾಗೆ. ಮಾಂಸವೇ ಹೂಜಿಯಂತೆ ಬೆವರಿ ತನ್ನನ್ನು ತಣ್ಣಗಿಟ್ಟುಕೊಳ್ಳುತ್ತಿರುತ್ತದೆ. ಮೂರು ಗಂಟೆ, ಕೆಲವೊಮ್ಮೆ ಐದು ಗಂಟೆ. ನೀವು ಸೋತು ತೆಗೆದದ್ದು ಸರಿಯಾಗಿ ಆ ಜಾಗದಲ್ಲಿ.

ಬ್ರಿಸ್ಕೆಟ್ ಎಂದರೆ ದನದ ಎದೆಯ ಮುಂಭಾಗ. ನಿಂತರೂ ನಡೆದರೂ ಭಾರ ಹೊರುವ ಸ್ನಾಯು. ಅದರ ತುಂಬ ಕೊಲಾಜೆನ್ ಎಂಬ ಗಟ್ಟಿ ನಾರಿನ ಹೆಣಿಗೆ. 70 ಡಿಗ್ರಿಯಲ್ಲಿ ಮಾಂಸ ಬೆಂದಿರುತ್ತದೆ, ತಿಂದರೆ ಅಪಾಯವಿಲ್ಲ, ಆದರೆ ಸ್ನಾಯು ಬಿಗಿದುಕೊಂಡು ನೀರು ಬಿಟ್ಟಿರುತ್ತದೆ, ಕೊಲಾಜೆನ್ ಮಾತ್ರ ಹಾಗೇ ಇರುತ್ತದೆ. ಅಲ್ಲಿಂದ ಮೇಲೆ ತಾಸುಗಟ್ಟಲೆ ಕಾದಾಗಲೇ ಅದು ಕರಗಿ ಜೆಲಾಟಿನ್ ಆಗುವುದು, ಕಾಲು ಸೂಪು ಬೆರಳಿಗೆ ಅಂಟುವುದು ಇದೇ ಜೆಲಾಟಿನ್ನಿನಿಂದ. 93ರಿಂದ 96 ಡಿಗ್ರಿ ಹತ್ತಿರ ಬಂದಾಗ ಉದ್ದ ಸೂಜಿ ಚುಚ್ಚಿ ನೋಡಿ. ಬೆಣ್ಣೆಯೊಳಗೆ ಇಳಿದಂತೆ ಇಳಿದರೆ ಆಯಿತು. ತಡೆದರೆ ಇನ್ನರ್ಧ ಗಂಟೆ. ನಾನು ಕೆಲಸ ಕಲಿಯುವಾಗ ಗಡಿಯಾರ ನೋಡಿ ತುಂಡು ತೆಗೆದಿದ್ದೆ. ನಮ್ಮ ಮುಖ್ಯ ಅಡುಗೆಯವರು ಮಾತಾಡದೆ ಫೋರ್ಕು ಚುಚ್ಚಿ ಎತ್ತಿದರು, ಫೋರ್ಕಿನ ಜೊತೆ ಇಡೀ ತುಂಡು ಮೇಲೆದ್ದಿತು. ಹಾಗೇ ನನ್ನ ಕೈಗೆ ಕೊಟ್ಟು ಹೋದರು. ಬೆಂದಿದ್ದರೆ ಫೋರ್ಕು ಜಾರಿ ಬರುತ್ತದೆ.

ಈ ತಡೆಯನ್ನು ದಾಟುವ ಉಪಾಯ ಮಾಂಟ್ರಿಯಲ್‌ನ ಪದ್ಧತಿಯಲ್ಲೇ ಇದೆ. ರುಮೇನಿಯಾ ಮತ್ತು ಪೂರ್ವ ಯೂರೋಪಿನಿಂದ ಬಂದ ಯಹೂದಿಗಳು ಅಲ್ಲಿಗೆ ಈ ಮಾಂಸವನ್ನು ತಂದರು. ಅವರ ಕೋಷರ್ ಎಂಬ ಆಹಾರ ನಿಯಮದಲ್ಲಿ ದನದ ಹಿಂಭಾಗದ ಮಾಂಸವನ್ನು ನರ ಬಿಡಿಸದೆ ತಿನ್ನುವಂತಿಲ್ಲ, ಅದು ದೊಡ್ಡ ರಗಳೆ. ಎದೆಭಾಗ ಆಗ ಅಗ್ಗ, ನಿಯಮಕ್ಕೂ ಸರಿ. ಸೇಂಟ್ ಲಾರೆಂಟ್ ಬೀದಿಯಲ್ಲಿ ರೂಬೆನ್ ಶ್ವಾರ್ಟ್ಸ್ 1928ರಲ್ಲಿ ತೆರೆದ ಅಂಗಡಿ ಇಂದಿಗೂ ಇದೆ, ನೀವು ತಿಂದದ್ದೂ ಅಲ್ಲೇ ಇರಬಹುದು. ಈ ಪದ್ಧತಿಯಲ್ಲಿ ಹೊಗೆಯಾದ ಮೇಲೆ ಮಾಂಸವನ್ನು ತಾಸುಗಟ್ಟಲೆ ಹಬೆಯಲ್ಲಿಡುತ್ತಾರೆ. ಮುಚ್ಚಿದ ಹಬೆಯಲ್ಲಿ ಮಾಂಸ ಬೆವರಲಾರದು. ಬೆವರದಿದ್ದರೆ ತಡೆಯೂ ಇಲ್ಲ. ಹಬೆಯ ಪಾತ್ರೆಗಾಗಿ ನೀವು ಅಂಗಡಿಗೆ ಹೋಗಬೇಕಿಲ್ಲ, ಇಡ್ಲಿ ಪಾತ್ರೆ ಸಾಕು.

ನಾನಾದರೆ ಎರಡು ಕಿಲೋಗೆ ಹೀಗೆ ಮಾಡುತ್ತೇನೆ. ಸಾದಾ ಉಪ್ಪು 40 ಗ್ರಾಂ, ಕ್ಯೂರಿಂಗ್ ಸಾಲ್ಟ್ 5 ಗ್ರಾಂ, ಸಕ್ಕರೆ 10 ಗ್ರಾಂ, ಜೊತೆಗೆ ತರಿತರಿಯಾಗಿ ಕುಟ್ಟಿದ ಕೊತ್ತಂಬರಿ ಬೀಜ, ಕರಿಮೆಣಸು, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ. ಉಪ್ಪುಗಳನ್ನು ಮೊದಲು ಒಂದಾಗಿ ಬೆರೆಸಿಕೊಂಡು, ಮಾಂಸದ ಎಲ್ಲ ಮೈಗೂ ಉಜ್ಜಿ, ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, 4 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್‌ನಲ್ಲಿ ದಿನಕ್ಕೊಮ್ಮೆ ಮಗುಚುತ್ತ ಏಳು ದಿನ. ಐದು ಸೆಂಟಿಮೀಟರ್ ದಪ್ಪದ ತುಂಡಿಗೆ ಅಷ್ಟು ಬೇಕು. ಉಪ್ಪನ್ನು ಮಾಂಸದ ತೂಕಕ್ಕೆ ಸರಿಯಾಗಿ ಅಳೆದಿರುವುದರಿಂದ ಒಂಬತ್ತು ದಿನವಾದರೂ ಉಪ್ಪು ಹೆಚ್ಚಾಗುವುದಿಲ್ಲ. ಆಮೇಲೆ ತೊಳೆದು ಒರೆಸಿ, ಮೇಲೆ ಹೊಸದಾಗಿ ಮೆಣಸು–ಕೊತ್ತಂಬರಿ ದಪ್ಪಗೆ ಮೆತ್ತಿ, 110ರಿಂದ 120 ಡಿಗ್ರಿ ಶಾಖದಲ್ಲಿ ಹೊಗೆ. ಮೇಪಲ್, ಓಕ್, ಸೇಬಿನ ಕಟ್ಟಿಗೆ ಯಾವುದಾದರೂ ಆದೀತು. ಪೈನ್‌ನಂಥ ಅಂಟುಮರ, ಬಣ್ಣ ಬಳಿದ ಹಲಗೆ, ಬೇಲಿಗೆಂದು ರಾಸಾಯನಿಕ ಕುಡಿಸಿದ ಮರ ಖಂಡಿತ ಬೇಡ. ಹೊಗೆ ತೆಳ್ಳಗೆ ನೀಲಿಯಾಗಿ ಹೋಗುತ್ತಿರಬೇಕು. ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ. ಒಳಗಿನ ಶಾಖ 70 ಮುಟ್ಟಿದೊಡನೆ ತೆಗೆಯಿರಿ. ಆವತ್ತೇ ಬೇಕಾದರೆ ನೇರ ಹಬೆಗೆ. ಇಲ್ಲವೇ ಬೇಗ ತಣಿಸಿ ಫ್ರಿಜ್‌ಗೆ, ನೆಂಟರು ಬರುವ ದಿನ ಮೂರು ತಾಸು ಹಬೆ. ಇದರಲ್ಲಿ ಯಾರಿಗೂ ಕಾಯುವ ಸಂಕಟವಿಲ್ಲ, ನನಗೆ ಇಷ್ಟವಾದ ದಾರಿಯೂ ಇದೇ. ಹಬೆಯ ಪಾತ್ರೆಯಲ್ಲಿ ನೀರು ಬತ್ತದಂತೆ ಮಾತ್ರ ನೋಡಿಕೊಳ್ಳಿ.

ನೈಟ್ರೈಟ್ ಪುಡಿಯನ್ನು ಮನೆಗೆ ತರಲೇ ಮನಸ್ಸಿಲ್ಲವೇ? ಆರು ವರ್ಷದ ಹುಡುಗ ಓಡಾಡುವ ಮನೆ, ಹಾಗೆ ಅನಿಸಿದರೆ ನಾನು ನಗುವುದಿಲ್ಲ. ಕಾರ್ಖಾನೆಯಲ್ಲೇ ಅಳತೆಯಾಗಿ ಹದಮಾಡಿದ, ಇನ್ನೂ ಬೇಯಿಸದ ಬ್ರಿಸ್ಕೆಟ್ ‘ಕಾರ್ನ್ಡ್ ಬೀಫ್’ ಎಂಬ ಹೆಸರಿನಲ್ಲಿ ಬಿಗಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ, ಮಾರ್ಚ್ ತಿಂಗಳ ಸೇಂಟ್ ಪ್ಯಾಟ್ರಿಕ್ ಹಬ್ಬದ ಹೊತ್ತಿಗೆ ಧಾರಾಳವಾಗಿ. ಡಬ್ಬಿಯಲ್ಲಿ ಬರುವ ಕಾರ್ನ್ಡ್ ಬೀಫ್ ಬೇರೆ, ಅದಲ್ಲ. ಉಪ್ಪು ಜಾಸ್ತಿ ಇರುವುದರಿಂದ ಒಂದು ರಾತ್ರಿ ಫ್ರಿಜ್‌ನಲ್ಲೇ ನೀರಿನಲ್ಲಿ ನೆನೆಸಿ, ನೀರು ಎರಡು ಸಲ ಬದಲಿಸಿ, ಮಸಾಲೆ ಮೆತ್ತಿ ಹೊಗೆಗೆ ಹಾಕಿ. ನಿಮ್ಮ ಎರಡನೆಯ ಪ್ರಯತ್ನಕ್ಕೆ ನಾನು ಹೇಳುವುದು ಇದನ್ನೇ. ಅದೂ ಬೇಡವೆಂದರೆ ಉಪ್ಪು–ಮೆಣಸಷ್ಟೇ ಹಚ್ಚಿದ ಟೆಕ್ಸಸ್ ಶೈಲಿ. ಮಾಂಸ ಕಂದು, ಅಂಚಿಗೆ ಉಂಗುರ, ಸ್ಯಾಂಡ್‌ವಿಚ್‌ಗೆ ಸೊಗಸು. ಅದಕ್ಕೆ ಏಳು ದಿನ ಕಾಯಿಸಬಾರದು, ಉಪ್ಪು ಹಚ್ಚಿದ ಮರುದಿನವೇ ಹೊಗೆಗೆ ಹೋಗಬೇಕು.

ಕೆನಡಾದ ಚಳಿಗಾಲದಲ್ಲಿ ಮನಸ್ಸಿಗೆ ಬರುವ ಒಂದು ಯೋಚನೆಯನ್ನು ಮೊದಲೇ ತಡೆಯುತ್ತೇನೆ. ಇದ್ದಿಲಿನ ಗ್ರಿಲ್ಲನ್ನು ಗ್ಯಾರೇಜಿನೊಳಗೆ, ಬಾಗಿಲು ತೆರೆದಿಟ್ಟರೂ, ತರಬೇಡಿ. ಮಾಂಸಕ್ಕೆ ಗುಲಾಬಿ ಬಣ್ಣ ಕೊಟ್ಟ ಅದೇ ಕಾರ್ಬನ್ ಮೊನಾಕ್ಸೈಡ್ ನಿಮ್ಮ ರಕ್ತವನ್ನೂ ಹಾಗೇ ಹಿಡಿದುಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ಹೊರಗೆ ಹೋಗಲಾಗದಿದ್ದರೆ ಓವನ್ನಿನಲ್ಲಿ 120 ಡಿಗ್ರಿ, ಫಾಯಿಲ್ ಬಿಗಿಯಾಗಿ ಮುಚ್ಚಿದ ಟ್ರೇ, ಅರ್ಧ ಚಮಚ ಲಿಕ್ವಿಡ್ ಸ್ಮೋಕ್. ಅದು ಮೋಸದ ವಸ್ತುವಲ್ಲ, ನಿಜವಾದ ಹೊಗೆಯನ್ನೇ ನೀರಿನಲ್ಲಿ ಹಿಡಿದದ್ದು. ಒಂದು ಚಮಚ ದಾಟಿದರೆ ಮಾತ್ರ ಬೂದಿ ನೆಕ್ಕಿದಂತೆ.

ಊರಿನಿಂದಲೂ ಇಂಥ ಪ್ರಶ್ನೆಗಳು ಬರುವುದರಿಂದ ಒಂದು ಮಾತು. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆಯಂತೆ ಅಲ್ಲಿ ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ–ಕೋಣಗಳ ಮಾಂಸಕ್ಕೆ. ವಯಸ್ಸಾದ ಪ್ರಾಣಿಯ ಕೊಲಾಜೆನ್ ಬೇಗ ಕರಗುವುದಿಲ್ಲ, ಕೊಬ್ಬೂ ಕಡಿಮೆ. ಹಬೆಯ ಹೊತ್ತನ್ನು ಗಂಟೆಯಲ್ಲಿ ಎಣಿಸದೆ ಸೂಜಿಯಿಂದಲೇ ನೋಡಿ.

ಇನ್ನು ಕೊಯ್ಯುವುದು. ಚೆನ್ನಾಗಿ ಬೆಂದ ಬ್ರಿಸ್ಕೆಟ್ಟನ್ನೂ ಇಲ್ಲಿ ಕೆಡಿಸಿದವರಿದ್ದಾರೆ. ನಾರಿನ ಉದ್ದಕ್ಕೆ ಕೊಯ್ದರೆ ಹಲ್ಲಿಗೆ ಹಗ್ಗ ಸಿಕ್ಕಂತೆ. ನಾರಿಗೆ ಅಡ್ಡಲಾಗಿ ಕೊಯ್ಯಬೇಕು. ಬೆಂದು ಮಸಾಲೆ ಕಪ್ಪಗಾದ ಮೇಲೆ ನಾರಿನ ದಿಕ್ಕು ಕಾಣುವುದಿಲ್ಲ, ಆದ್ದರಿಂದ ಹಸಿಯಿರುವಾಗಲೇ ಒಂದು ಮೂಲೆಯನ್ನು ನಾರಿಗೆ ಅಡ್ಡವಾಗಿ ಸಣ್ಣಗೆ ಕತ್ತರಿಸಿಟ್ಟುಕೊಳ್ಳಿ. ಕೊನೆಗೆ ಚಾಕು ಇಡಬೇಕಾದದ್ದು ಆ ಗುರುತಿನ ನೇರಕ್ಕೆ. ಇಡೀ ಬ್ರಿಸ್ಕೆಟ್ ತಂದರೆ ಅದರಲ್ಲಿ ಎರಡು ಸ್ನಾಯುಗಳು ಒಂದರ ಮೇಲೊಂದು ಇರುತ್ತವೆ, ಎರಡರ ನಾರೂ ಬೇರೆ ಬೇರೆ ದಿಕ್ಕಿಗೆ. ಬೇರ್ಪಡಿಸಿ ಕೊಯ್ಯಿರಿ. ಮೂರು ಮಿಲಿಮೀಟರ್ ದಪ್ಪ, ಬಿಸಿಬಿಸಿ ಇರುವಾಗಲೇ, ತಿನ್ನುವಷ್ಟೇ. ಕೊಬ್ಬನ್ನು ಪೂರ್ತಿ ತೆಗೆದು ಹಾಕಬೇಡಿ. ಮಾಂಟ್ರಿಯಲ್‌ನಲ್ಲಿ ಬಲ್ಲವರು ಕೇಳುವುದು ‘ಮೀಡಿಯಂ’, ಅಂದರೆ ಹೋಳಿನ ಅಂಚಿಗೆ ಕೊಬ್ಬಿನ ಒಂದು ಪಟ್ಟಿ ಇರುವಂಥದ್ದು.

ಬ್ರೆಡ್ಡು ರೈ ಎಂಬ ಧಾನ್ಯದ್ದು, ಅವತ್ತಿನದೇ, ಕಾಯಿಸದೆ. ಮೇಲೆ ಹಳದಿ ಸಾಸಿವೆ ಪೇಸ್ಟ್. ಚೀಸ್, ಟೊಮೆಟೊ, ಲೆಟಿಸ್ ಏನೂ ಬೇಡ, ಹುಳಿ ಸೌತೆಕಾಯಿ ಪಕ್ಕದಲ್ಲಿರಲಿ. ಎರಡು ಕಿಲೋ ಹಸಿ ಮಾಂಸ ಬೆಂದು ಬರುವಾಗ ಸುಮಾರು ಸವಾ ಕಿಲೋ ಆಗಿರುತ್ತದೆ, ಎಂಟು ದಪ್ಪ ಸ್ಯಾಂಡ್‌ವಿಚ್‌ಗೆ ಲೆಕ್ಕ. ಹಾಗಾಗಿ ಎಂಟಕ್ಕಿಂತ ಹೆಚ್ಚು ನೆಂಟರನ್ನು ಕರೆದಿದ್ದರೆ ಪಕ್ಕಕ್ಕೆ ಇನ್ನೇನಾದರೂ ಮಾಡಿಟ್ಟಿರಿ. ಉಳಿದದ್ದು ಫ್ರಿಜ್‌ನಲ್ಲಿ ಮೂರು–ನಾಲ್ಕು ದಿನ, ಅದಕ್ಕೂ ಹೆಚ್ಚು ಇಡಬೇಕಾದರೆ ಫ್ರೀಜರ್.

ಇಡ್ಲಿ ಪಾತ್ರೆಯ ಬಗ್ಗೆ ಇನ್ನೊಂದು ಮಾತು ಬಾಕಿಯಿದೆ: ಮಾಂಸಕ್ಕೆಂದು ಬೇರೆಯೇ ಒಂದನ್ನು ಇಟ್ಟುಕೊಳ್ಳಿ. ನಾನು ಮೊದಲ ಸಲ ಮನೆಯಲ್ಲಿ ಮಾಡಿದ ಮರುದಿನ ಅದೇ ಪಾತ್ರೆಯಲ್ಲಿ ಬೇಯಿಸಿದ ಇಡ್ಲಿಯನ್ನು ನನ್ನ ಮಕ್ಕಳು ಇನ್ನೂ ಎತ್ತಿ ಆಡುತ್ತಾರೆ.